ಹೊಟ್ಟೆ ಇಲ್ಲದವನ ಹೊಟ್ಟೆಪಾಡು: ವಿಚಿತ್ರ ಪಾತ್ರಕ್ಕೆ ಹಿನ್ನೆಲೆ ಬರೆಯುವ ಬಗೆ

ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಎಲ್ಫ್, ಡ್ವಾರ್ಫ್‌ನಂಥ ಮಾಮೂಲಿ ಪಾತ್ರ ಆಡಿ ಸಾಕಾಗಿ, ಈ ಸಲ ಬೇರೇನಾದರೂ ಆಡೋಣ ಅಂತ ಹೊರಟವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಪಾತ್ರ ಎಷ್ಟು ವಿಚಿತ್ರವೋ ಅದರ ಹಿನ್ನೆಲೆಯೂ ಅಷ್ಟೇ ವಿಚಿತ್ರವಾಗಿರಬೇಕು ಅಂದುಕೊಳ್ಳುತ್ತಾರೆ. ಮಾತಾಡುವ ಮರ, ಆ ಮರಕ್ಕೊಂದು ಶಾಪ, ಶಾಪ ಕೊಟ್ಟದ್ದು ಸತ್ತುಹೋದ ದೇವರು, ಆ ದೇವರ ಮಗನೇ ಈ ಮರ. ಎರಡನೇ ಸೆಷನ್ ಹೊತ್ತಿಗೆ ಟೇಬಲ್ಲಿನಲ್ಲಿ ಯಾರಿಗೂ ಇದರಲ್ಲಿ ಒಂದೂ ನೆನಪಿರುವುದಿಲ್ಲ. ಉಳಿದ ಆಟಗಾರರಿಗೆ ಕೈಹಾಕಿ ಹಿಡಿಯಲು ಅದರಲ್ಲಿ ಏನೂ ಸಿಕ್ಕಿರುವುದಿಲ್ಲ.

ಮೈ ವಿಚಿತ್ರವಾದಷ್ಟೂ ಬದುಕು ಮಾಮೂಲಿಯಾಗಿರಬೇಕು. ಆ ಮೈ ಇಟ್ಟುಕೊಂಡು ಅದು ಏನು ಕೆಲಸ ಮಾಡಿ ಬದುಕುತ್ತದೆ, ಕೂಲಿ ಯಾರು ಕೊಡುತ್ತಾರೆ, ಯಾರ ಮನೆಯ ಜಗಲಿಯಲ್ಲಿ ರಾತ್ರಿ ಕಳೆಯುತ್ತದೆ, ಯಾರ ಮುಖ ನೋಡಲು ಹೆದರುತ್ತದೆ: ಬರೆಯಬೇಕಾದದ್ದು ಇಷ್ಟು. ಒಂದು ಪಾತ್ರವನ್ನು ಮೊದಲಿಂದ ಕೊನೆಯವರೆಗೆ ಕಟ್ಟುತ್ತಾ ಹೋದರೆ ವಿಧಾನ ಸ್ಪಷ್ಟವಾಗುತ್ತದೆ. ನಾವು ತೆಗೆದುಕೊಳ್ಳುವುದು ಈ ಆಟದ ಎಬೆರಾನ್ ಎಂಬ ಕಲ್ಪಿತ ಜಗತ್ತಿನ ಒಬ್ಬ ವಾರ್‌ಫೋರ್ಜ್ಡ್‌ನನ್ನು.

ಆ ಜಗತ್ತು ಗೊತ್ತಿಲ್ಲದವರಿಗೆ ಎರಡು ಮಾತು. ಖೋರ್ವೇರ್ ಖಂಡದಲ್ಲಿ ಐದು ರಾಜ್ಯಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಕಾದಾಡಿದವು. ಆ ಯುದ್ಧಕ್ಕಾಗಿ ಕ್ಯಾನಿತ್ ಮನೆತನದವರು ಮರ, ಕಲ್ಲು, ಲೋಹ, ಬೇರಿನಂಥ ನಾರು ಸೇರಿಸಿ ಜೀವವಿರುವ ಸೈನಿಕರನ್ನು, ಅಂದರೆ ವಾರ್‌ಫೋರ್ಜ್ಡ್‌ಗಳನ್ನು, ತಯಾರಿಸಿ ಎಲ್ಲ ಕಡೆಗೂ ಮಾರಿದರು. ವೈ.ಕೆ. (ಆ ಜಗತ್ತಿನ ಶಕೆ) 996ರ ಥ್ರೋನ್‌ಹೋಲ್ಡ್ ಒಪ್ಪಂದ ಯುದ್ಧ ನಿಲ್ಲಿಸಿತು, ವಾರ್‌ಫೋರ್ಜ್ಡ್‌ಗಳಿಗೆ ಸ್ವಾತಂತ್ರ್ಯ ಕೊಟ್ಟಿತು, ಹೊಸಬರನ್ನು ತಯಾರಿಸಬಾರದು ಅಂತಲೂ ಹೇಳಿತು. ಆಟ ಸಾಮಾನ್ಯವಾಗಿ ಶುರುವಾಗುವುದು 998ರಲ್ಲಿ. ಅಂದರೆ ನಿಮ್ಮ ಪಾತ್ರ ಸ್ವತಂತ್ರವಾಗಿ ಎರಡೇ ವರ್ಷ ಆಗಿದೆ.

ಮೊದಲು ನಿಯಮದ ಪುಟ ತೆರೆಯಿರಿ. ಕಥೆಯನ್ನು ಇನ್ನೂ ಯೋಚಿಸಬೇಡಿ, ಪೆನ್ಸಿಲ್ ಹಿಡಿದು ಮೈಯ ಬಗ್ಗೆ ಇರುವ ಪ್ರತಿ ಸಾಲಿನ ಮುಂದೆ "ಹಾಗಾದರೆ?" ಅಂತ ಬರೆಯಿರಿ. 2019ರ ಎಬೆರಾನ್ ಪುಸ್ತಕದ ಪ್ರಕಾರ ವಾರ್‌ಫೋರ್ಜ್ಡ್‌ಗೆ ಊಟ, ನೀರು, ಉಸಿರು ಬೇಡ. ರೋಗ ತಗಲುವುದಿಲ್ಲ. ವಿಷದ ಪೆಟ್ಟು ಅರ್ಧ, ವಿಷದ ವಿರುದ್ಧದ ಸೇವಿಂಗ್ ಥ್ರೋಗೆ (ಅಪಾಯದಿಂದ ಪಾರಾಗಲು ಉರುಳಿಸುವ ದಾಳಕ್ಕೆ) ಅಡ್ವಾಂಟೇಜ್, ಅಂದರೆ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ. ನಿದ್ದೆ ಬೇಡ. ಲಾಂಗ್ ರೆಸ್ಟ್ (ಕಳೆದ ಶಕ್ತಿ ಮರಳಿಸುವ ದೀರ್ಘ ವಿಶ್ರಾಂತಿ) ಬೇಕಾದರೆ ಆರು ಗಂಟೆ ಅಲುಗಾಡದೆ ನಿಂತರೆ ಸಾಕು, ಆ ಆರು ಗಂಟೆಯೂ ಕಣ್ಣು ಕಿವಿ ಎಚ್ಚರವಾಗಿಯೇ ಇರುತ್ತವೆ. ಹಣೆಯ ಮೇಲೆ ಘುಲ್ರಾ ಎಂಬ ಗುರುತು, ಒಬ್ಬರದ್ದು ಇನ್ನೊಬ್ಬರಿಗಿಲ್ಲ.

ಇಷ್ಟು ಎಲ್ಲರೂ ಓದುತ್ತಾರೆ. ಪುಟದಲ್ಲಿ ಇಲ್ಲದ್ದನ್ನೂ ಓದಬೇಕು. ವಾರ್‌ಫೋರ್ಜ್ಡ್‌ಗೆ ಡಾರ್ಕ್‌ವಿಷನ್ ಇಲ್ಲ. ಕತ್ತಲೆಯಲ್ಲಿ ಮನುಷ್ಯನಷ್ಟೇ ಕುರುಡು. ಅನೇಕರು ಯಂತ್ರ ಅಂದಮೇಲೆ ಕತ್ತಲೆಯಲ್ಲಿ ಕಾಣಲೇಬೇಕು ಅಂತ ಊಹಿಸಿ ಹಿನ್ನೆಲೆ ಬರೆದುಬಿಡುತ್ತಾರೆ, ಮೊದಲ ಗುಹೆಯಲ್ಲೇ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ತಡೆಯುತ್ತಾರೆ. ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಮಂತ್ರ ಇವರ ಮೇಲೆ ಕೆಲಸ ಮಾಡುವುದಿಲ್ಲ ಅನ್ನುವುದೂ ಅಂಥದ್ದೇ ತಪ್ಪು ಊಹೆ. 2019ರ ನಿಯಮದಲ್ಲಿ ಇವರು ಹ್ಯೂಮನಾಯ್ಡ್ (ಮನುಷ್ಯನಂಥ ಜೀವಿ), ಮಂತ್ರ ಪೂರ್ತಿ ತಾಗುತ್ತದೆ. "ನನಗೆ ಯಾವ ಮದ್ದೂ ತಾಗದು" ಅನ್ನುವ ದುಃಖದ ಮೇಲೆ ಕಥೆ ಕಟ್ಟಿದರೆ ಮೊದಲ ಹೊಡೆದಾಟಕ್ಕೇ ಅದು ಕುಸಿದುಬೀಳುತ್ತದೆ.

ಈಗ ಕೆಲಸ ಹುಡುಕಿ. ಊಟ ಬೇಡದವನು ದುಡಿಯುವುದಾದರೂ ಯಾಕೆ ಅನ್ನುವ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬೇಡಿ, ಇಡೀ ಪಾತ್ರ ಅದರ ಉತ್ತರದಲ್ಲೇ ಇದೆ. ಪೆನ್ಸಿಲ್‌ನಲ್ಲಿ ಬರೆದ ಸಾಲುಗಳಲ್ಲಿ ಎರಡನ್ನೋ ಮೂರನ್ನೋ ಜೋಡಿಸಿ: ಉಸಿರು ಬೇಡ, ರೋಗ ಬರುವುದಿಲ್ಲ, ವಿಷ ಅಷ್ಟಾಗಿ ತಾಗುವುದಿಲ್ಲ. ಇಂಥ ಮೈ ಯಾವ ಕೆಲಸಕ್ಕೆ ಹೇಳಿಮಾಡಿಸಿದ ಹಾಗಿದೆ? ಹಿಮ್ಮೆಟ್ಟುವ ಸೈನ್ಯ ಬಾವಿಗೆ ವಿಷ ಹಾಕಿ, ಸತ್ತ ದನ ತಳ್ಳಿ ಹೋಗುತ್ತದೆ. ಹಿಂದೆ ಬರುವ ಸೈನ್ಯಕ್ಕೆ ನೀರು ಬೇಕು. ಆ ಬಾವಿಗೆ ಇಳಿದು ಹೂಳು, ಹೆಣ ಎಲ್ಲವನ್ನೂ ಎತ್ತುವ ಕೆಲಸಕ್ಕೆ ಮನುಷ್ಯನನ್ನು ಇಳಿಸಿದರೆ ಬದುಕಿ ಬರುವುದು ಅನುಮಾನ. ವಾರ್‌ಫೋರ್ಜ್ಡ್ ತಳದಲ್ಲಿ ಎಷ್ಟು ಗಂಟೆ ಬೇಕಾದರೂ ಇರಬಲ್ಲ.

ಸಿಕ್ಕಿತು: ಬಾವಿ ತೊಳೆಯುವವನು. ವಾರ್‌ಫೋರ್ಜ್ಡ್‌ಗಳಿಗೆ ಆ್ಯಂಕರ್, ಹ್ಯಾಮರ್, ಸೆವೆನ್ ಅಂತ ಕೆಲಸದ್ದೋ ಸಂಖ್ಯೆಯದ್ದೋ ಚಿಕ್ಕ ಹೆಸರು ಇರುವುದು ವಾಡಿಕೆ. ಕನ್ನಡದಲ್ಲಿ ಆಡುವ ಟೇಬಲ್ಲಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಇವನನ್ನು ಕೊಕ್ಕೆ ಅಂತ ಕರೆಯೋಣ.

ಕೆಲಸ ಸಿಕ್ಕ ಮೇಲೆ ಅದರ ಒಂದು ಸಲಕರಣೆಯನ್ನು ಹತ್ತಿರದಿಂದ ನೋಡಿ. ನಮ್ಮಲ್ಲಿ ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಬಿಡುತ್ತಿದ್ದರು. ಕಬ್ಬಿಣದ ಬಳೆ, ಸುತ್ತಲೂ ನೇತಾಡುವ ಕೊಕ್ಕೆಗಳು, ಮೇಲೊಂದು ಹಗ್ಗ. ಊರಲ್ಲಿ ಒಂದೆರಡು ಮನೆಯಲ್ಲಿ ಮಾತ್ರ ಇರುತ್ತಿತ್ತು, ಬೇಕಾದವರು ಕೇಳಿ ತರುತ್ತಿದ್ದರು. ಹಗ್ಗ ಹಿಡಿದವನಿಗೆ ತಳದಲ್ಲಿ ಏನಿದೆ ಅಂತ ಕಾಣುವುದಿಲ್ಲ. ಕೊಕ್ಕೆ ಕಲ್ಲಿಗೆ ತಾಗಿದರೆ ಒಂದು ರೀತಿ ಅದುರುತ್ತದೆ, ಹಿತ್ತಾಳೆ ಕೊಡದ ಕಂಠಕ್ಕೆ ಸಿಕ್ಕಿಕೊಂಡರೆ ಇನ್ನೊಂದು ರೀತಿ, ಆ ವ್ಯತ್ಯಾಸ ಅಂಗೈಗೆ ಗೊತ್ತಾಗುತ್ತದೆ. ನಮ್ಮ ಪಾತ್ರಕ್ಕೂ ಕತ್ತಲೆಯಲ್ಲಿ ಕಣ್ಣಿಲ್ಲ. ಹಾಗಾದರೆ ಅವನೂ ಬಾವಿಯ ತಳವನ್ನು ಬೆರಳಲ್ಲೇ ನೋಡಿದವನು. ಹೊಸಬರು ಸಿಕ್ಕಾಗ ಮುಖ ನೋಡುವ ಮೊದಲು ಅವರ ಕೈಯೋ ಬಟ್ಟೆಯ ಅಂಚೋ ಮುಟ್ಟಿನೋಡುವ ಅಭ್ಯಾಸ ಅವನಿಗಿದೆ. ನಿಯಮದ ಪುಟದಲ್ಲಿ ಇಲ್ಲದ ಒಂದು ಸಾಲಿನಿಂದ ಆಟದಲ್ಲಿ ಪ್ರತಿ ಸೆಷನ್ ಮಾಡಿತೋರಿಸಬಹುದಾದ ಒಂದು ಚಟ ಹುಟ್ಟಿತು. "ಗಂಭೀರ ಸ್ವಭಾವ, ಮಾತು ಕಡಿಮೆ" ಅಂತ ಬರೆದರೆ ಟೇಬಲ್ಲಿನಲ್ಲಿ ಮಾಡಲು ಏನೂ ಸಿಗುವುದಿಲ್ಲ. ಕೈ ಮುಟ್ಟಿನೋಡುವವನು ಅಂದರೆ ತಕ್ಷಣ ಸಿಗುತ್ತದೆ.

ಮುಂದಿನದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಪಾತ್ರದ ತಪ್ಪನ್ನು ಅದರ ಶಕ್ತಿಯ ಒಳಗಿಂದಲೇ ತೆಗೆಯಬೇಕು. ವಿಷ ಅಷ್ಟಾಗಿ ತಾಗದ, ರೋಗ ತಗಲದ, ನೀರೇ ಕುಡಿಯದ ಕೊಕ್ಕೆಗೆ ಬಾವಿಯ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಅಂತ ಹೇಗೆ ಗೊತ್ತಾಗಬೇಕು? ಹೂಳು ತೆಗೆದ, ಹೆಣ ಎತ್ತಿದ, ನೀರು ತಿಳಿಯಾಯಿತು. ಮೇಲೆ ಬಂದು "ಶುದ್ಧವಾಗಿದೆ" ಅಂದ. ಜನ ನಂಬಿ ಕುಡಿದರು. ವಿಷ ಕಲ್ಲಿನ ಸಂದಿಯಲ್ಲಿ ಉಳಿದಿತ್ತು.

ಇಲ್ಲಿ ಖಳನಾಯಕ ಬೇಕಿಲ್ಲ, ಭವಿಷ್ಯವಾಣಿ ಬೇಕಿಲ್ಲ. ಯಾವ ಮೈಯಿಂದ ಅವನು ಆ ಕೆಲಸಕ್ಕೆ ಅರ್ಹನಾದನೋ ಅದೇ ಮೈ ಅವನನ್ನು ತಪ್ಪಿಗೆ ದೂಡಿತು. ಇದೇ ಕಥೆಯನ್ನು ಮನುಷ್ಯ ಪಾತ್ರಕ್ಕೆ ಹಾಕಿದರೆ ಕೆಲಸ ಮಾಡದು, ಆತ ಒಂದು ಗುಟುಕು ಕುಡಿದು ನೋಡಿರುತ್ತಿದ್ದ. ನೀವು ಬರೆದದ್ದನ್ನು ಪರೀಕ್ಷಿಸಲು ಈ ಅಳತೆಯನ್ನೇ ಬಳಸಿ: ಪಾತ್ರದ ಜೀವಿಜಾತಿ ಬದಲಿಸಿ ಮನುಷ್ಯ ಅಂತ ಹಾಕಿದಾಗಲೂ ಹಿನ್ನೆಲೆ ಹಾಗೇ ನಿಂತರೆ, ನಿಮ್ಮ ವಿಚಿತ್ರ ಪಾತ್ರ ಬರೀ ವೇಷ. ಮೈ ಮತ್ತು ಕಥೆಯನ್ನು ಜೋಡಿಸುವ ಗಂಟು ಇನ್ನೂ ಬಿದ್ದಿಲ್ಲ.

ಬೇರೆ ಮೈಗಳಿಗೂ ಇದೇ ದಾರಿ. 2022ರಲ್ಲಿ ಬಂದ, ಲೋಳೆಯಂಥ ಮೈಯ ಪ್ಲಾಸ್ಮಾಯ್ಡ್ ಒಂದು ಇಂಚಿನ ಸಂದಿಯಲ್ಲೂ ನುಸುಳಬಲ್ಲದು, ಆದರೆ ಮೈಮೇಲೆ ಬಟ್ಟೆಯಾಗಲಿ ಕೈಯಲ್ಲಿ ವಸ್ತುವಾಗಲಿ ಇರಕೂಡದು. ಅಂದರೆ ಪ್ರತಿ ಸಲ ನುಸುಳುವಾಗಲೂ ತನ್ನದೆಂಬುದನ್ನೆಲ್ಲ ಹಿಂದೆ ಬಿಟ್ಟು ಹೋಗಬೇಕು. ಅದು ಯಾರನ್ನು ನಂಬಿ ಗಂಟು ಕೊಟ್ಟುಹೋಗುತ್ತಿತ್ತು, ಒಂದು ದಿನ ತಿರುಗಿ ಬಂದಾಗ ಆ ಜಾಗದಲ್ಲಿ ಯಾರಿದ್ದರು ಎಂದು ಕೇಳಿಕೊಳ್ಳಿ. 2016ರ ನಿಯಮದ ಕೆಂಕು ಎಂಬ ಹಕ್ಕಿಮನುಷ್ಯ ಕೇಳಿದ ದನಿಗಳನ್ನು ಅನುಕರಿಸಿಯೇ ಮಾತಾಡಬೇಕು. ಅದು ಯಾರ ದನಿಯಲ್ಲಿ "ಕ್ಷಮಿಸಿ" ಅನ್ನುತ್ತದೆ, ಆ ದನಿಯ ಒಡೆಯ ಈಗ ಎಲ್ಲಿದ್ದಾನೆ? (2022ರ ಪರಿಷ್ಕರಣೆಯಲ್ಲಿ ಕೆಂಕುವಿನ ಆ ಕಟ್ಟುಪಾಡು ತೆಗೆದಿದ್ದಾರೆ. ಯಾವ ಆವೃತ್ತಿ ಆಡುತ್ತೀರಿ ಅಂತ ಮೊದಲೇ ಕೇಳಿಕೊಳ್ಳಿ.)

ಕ್ಲಾಸ್ (ಪಾತ್ರ ಕಲಿತ ವಿದ್ಯೆಯ ಬಗೆ) ಆರಿಸುವುದು ಈಗ, ಇದಕ್ಕಿಂತ ಮುಂಚೆ ಅಲ್ಲ. ನೀರು ಶುದ್ಧವೋ ಅಲ್ಲವೋ ತಿಳಿಯದೆ ಜೀವ ತೆಗೆದವನು ಏನು ಕಲಿಯಲು ಹೊರಡುತ್ತಾನೆ? ಮೊದಲ ಹಂತದ ಮಂತ್ರಗಳ ಪಟ್ಟಿಯಲ್ಲೇ ಉತ್ತರ ಇದೆ: ವಿಷ, ರೋಗ ಪತ್ತೆಹಚ್ಚುವ ಡಿಟೆಕ್ಟ್ ಪಾಯ್ಸನ್ ಅಂಡ್ ಡಿಸೀಸ್, ಅನ್ನ ನೀರು ಶುದ್ಧ ಮಾಡುವ ಪ್ಯೂರಿಫೈ ಫುಡ್ ಅಂಡ್ ಡ್ರಿಂಕ್. ಎರಡೂ ಕ್ಲೆರಿಕ್‌ಗೆ (ದೇವರಿಂದ ಮಂತ್ರಶಕ್ತಿ ಪಡೆಯುವ ಪೂಜಾರಿಗೆ) ಸಿಗುತ್ತವೆ, ಎರಡನ್ನೂ ರಿಚುಯಲ್ ಆಗಿ ಹತ್ತು ನಿಮಿಷ ಹೆಚ್ಚು ಹಿಡಿದು ಸ್ಲಾಟ್ (ದಿನಕ್ಕಿಷ್ಟೇ ಎಂಬ ಮಂತ್ರದ ಪಾಲು) ಖರ್ಚಿಲ್ಲದೆ ಮಾಡಬಹುದು. ಸಾವರಿನ್ ಹೋಸ್ಟ್ ಎಂಬ ಎಬೆರಾನ್‌ನ ದೇವಗಣದಲ್ಲಿ ಒಲೆ ಮತ್ತು ಊರೊಟ್ಟಿನ ದೇವತೆ ಬೋಲ್ಡ್ರೇ ಇದ್ದಾಳೆ, ಅವಳ ಭಕ್ತನಾದ. ಕೊಕ್ಕೆ ಕ್ಲೆರಿಕ್ ಆದದ್ದಕ್ಕೆ ದರ್ಶನವೂ ಬೇಡ, ಮಿಂಚೂ ಬೇಡ.

ಇಲ್ಲಿ ಒಂದು ತಕರಾರು ಬಂದೇ ಬರುತ್ತದೆ: ಇಂಥ ಮಂತ್ರ ಇರುವ ಜಗತ್ತಿನಲ್ಲಿ ಬಾವಿ ತೊಳೆಯುವವನು ಯಾಕೆ ಬೇಕು? ಮಂತ್ರದ ಅಳತೆ ನೋಡಿ. ಪ್ಯೂರಿಫೈ ಶುದ್ಧ ಮಾಡುವುದು ಐದು ಅಡಿ ತ್ರಿಜ್ಯದ ಗೋಲದೊಳಗಿನ ನೀರನ್ನು ಮಾತ್ರ, ಅದೂ ಹತ್ತು ಅಡಿಯೊಳಗಿದ್ದರೆ. ಕೊಳೆತ ದನ ತಳದಲ್ಲಿದ್ದರೆ ನಾಳೆ ಮತ್ತೆ ಕೆಡುತ್ತದೆ. ಡಿಟೆಕ್ಟ್ ತಲುಪುವುದು 30 ಅಡಿ, ಮೂರು ಅಡಿ ಮಣ್ಣು ಅಥವಾ ಒಂದು ಅಡಿ ಕಲ್ಲು ಅಡ್ಡ ಬಂದರೆ ಅಷ್ಟೂ ಇಲ್ಲ. 60 ಅಡಿ ಆಳದ ಬಾವಿಯ ಕಟ್ಟೆ ಮೇಲೆ ನಿಂತು ಏನೂ ತಿಳಿಯದು. ಇಳಿಯಲೇಬೇಕು. ನಿಮ್ಮ ಪಾತ್ರದ ಕೆಲಸವನ್ನು ಯಾವ ಮಂತ್ರ ಅನಾವಶ್ಯಕ ಮಾಡಬಹುದು ಅಂತ ನೀವೇ ಮೊದಲು ಹುಡುಕಿ, ಅದರ ಮಿತಿಗಳನ್ನು ಓದಿ ಇಟ್ಟುಕೊಳ್ಳಿ.

ಬ್ಯಾಕ್‌ಗ್ರೌಂಡ್ (ನಾವು ಬರೆಯುವ ಹಿನ್ನೆಲೆಯಲ್ಲ, ಪಾತ್ರದ ಹಿಂದಿನ ಬದುಕಿಗೆ ನಿಯಮ ಕೊಡುವ ಕೌಶಲಗಳ ಕಟ್ಟು) ವಿಷಯ ಬೇಗ ಮುಗಿಯುತ್ತದೆ. 2014ರ ನಿಯಮದಲ್ಲಿ 13 ಸಿದ್ಧ ಬ್ಯಾಕ್‌ಗ್ರೌಂಡ್‌ಗಳಿವೆ, ಯಾವುದೂ ಸರಿಬಾರದಿದ್ದರೆ ಎರಡು ಸ್ಕಿಲ್, ಉಪಕರಣ ಅಥವಾ ಭಾಷೆ ಒಟ್ಟು ಎರಡು, ಇರುವವುಗಳಲ್ಲಿ ಒಂದು ಫೀಚರ್ ಆರಿಸಿ ನಿಮ್ಮದೇ ಮಾಡಿಕೊಳ್ಳಬಹುದು. ಕೊಕ್ಕೆಗೆ ಅಥ್ಲೆಟಿಕ್ಸ್, ಇನ್ವೆಸ್ಟಿಗೇಷನ್, ಕಲ್ಲುಕುಟಿಗರ ಉಪಕರಣ, ಅವನಿರುವ ಬ್ರೆಲಾಂಡ್ ರಾಜ್ಯದ ಪಕ್ಕದ ದಾರ್ಗೂನ್‌ನ ಗಾಬ್ಲಿನ್ ಭಾಷೆ. ಫೋಕ್ ಹೀರೋ ಬ್ಯಾಕ್‌ಗ್ರೌಂಡ್‌ನ ರಸ್ಟಿಕ್ ಹಾಸ್ಪಿಟಾಲಿಟಿ (ಹಳ್ಳಿಗರು ಆಸರೆ ಕೊಡುವ ಫೀಚರ್) ಇವನಿಗೆ ಸರಿಹೊಂದುತ್ತದೆ, ಬಾವಿ ತೊಳೆಯುವವನಿಗೆ ಯಾವ ಹಳ್ಳಿಯೂ ಜಗಲಿ ಇಲ್ಲ ಅನ್ನುವುದಿಲ್ಲ. 2024ರ ನಿಯಮದಲ್ಲಿ ಎಬಿಲಿಟಿ ಸ್ಕೋರ್ (ಬಲ, ಬುದ್ಧಿಯಂಥ ಗುಣಗಳ ಅಂಕ) ಏರಿಕೆಯೂ ಮೊದಲ ಫೀಟ್ (ವಿಶೇಷ ಸಾಮರ್ಥ್ಯ) ಕೂಡ ಬ್ಯಾಕ್‌ಗ್ರೌಂಡ್‌ನಿಂದಲೇ ಬರುವುದರಿಂದ, ಡಿಎಂ ಜೊತೆ ಕೂತು ಆರಿಸಿ.

ಅಳತೆ ಮೀರದಂತೆ ನೋಡಿಕೊಳ್ಳಿ. ಒಂದನೇ ಹಂತದ ಕ್ಲೆರಿಕ್‌ಗೆ ಕಾನ್ಸ್ಟಿಟ್ಯೂಷನ್ (ಮೈಯ ಗಟ್ಟಿತನ) 14 ಇದ್ದರೆ ಹಿಟ್ ಪಾಯಿಂಟ್ (ತಾಳಬಲ್ಲ ಪೆಟ್ಟಿನ ಲೆಕ್ಕ) 10. ಒಂದು ಗಾಬ್ಲಿನ್‌ನ ಕತ್ತಿಪೆಟ್ಟು ಸರಾಸರಿ ಐದು. ಎರಡು ಪೆಟ್ಟಿಗೆ ಬಿದ್ದುಹೋಗುವವನು "ಹತ್ತು ಯುದ್ಧ ಗೆದ್ದ ಸೇನಾಧಿಪತಿ" ಆಗಿರಲಾರ. ಕಾಲವನ್ನೂ ಲೆಕ್ಕ ಹಾಕಿ. ಕ್ಯಾನಿತ್ ಈಗಿನ ಬಗೆಯ ವಾರ್‌ಫೋರ್ಜ್ಡ್ ತಯಾರಿಸಿದ್ದು 965ರ ಸುಮಾರಿಗೆ, ಹಾಗಾಗಿ 998ರಲ್ಲಿ ಯಾರಿಗೂ ಮೂವತ್ತರ ಮೇಲೆ ಹೆಚ್ಚು ವಯಸ್ಸಿಲ್ಲ. ಇನ್ನೂರು ವರ್ಷದ ವಾರ್‌ಫೋರ್ಜ್ಡ್ ಬರೆದರೆ ಡಿಎಂ ಒಪ್ಪಬಹುದು, ಆದರೆ ಆಗ ವಿಚಿತ್ರ ಎರಡಾಯಿತು, ಕೇಳುವವರಿಗೆ ಯಾವುದಕ್ಕೆ ಗಮನ ಕೊಡಬೇಕೋ ತಿಳಿಯದು. ಕೊಕ್ಕೆ ತಯಾರಾದದ್ದು 984, ವಯಸ್ಸು 14.

ನೆನಪು ಕಳೆದುಕೊಂಡು ಪಾಳುಮನೆಯಲ್ಲಿ ಎಚ್ಚರವಾದ ವಾರ್‌ಫೋರ್ಜ್ಡ್ ಬೇಡ, ದಯವಿಟ್ಟು. ಹೊಸಬರಲ್ಲಿ ಬಹಳ ಜನ ಇದನ್ನೇ ತರುತ್ತಾರೆ. ಏನೂ ನೆನಪಿಲ್ಲದ ಪಾತ್ರಕ್ಕೆ ಯಾವ ಊರಿಗೂ ಹೋಗುವ ಕಾರಣವಿಲ್ಲ, ಯಾರನ್ನೂ ಹುಡುಕುವ ಕಾರಣವಿಲ್ಲ, ಕಥೆಯ ಭಾರವೆಲ್ಲ ಡಿಎಂ ಹೆಗಲಿಗೆ ಬೀಳುತ್ತದೆ. ಎಲ್ಲರೂ ಸತ್ತುಹೋದ ಒಂಟಿ ಪಾತ್ರದ ತೊಂದರೆಯೂ ಇದೇ. ಬದುಕಿರುವ ಮೂರು ಜನ ಬೇಕು: ಋಣ ಇರುವ ಒಬ್ಬರು, ಇವನ ಮೇಲೆ ಸಿಟ್ಟಿರುವ ಒಬ್ಬರು, ಇವನಿಂದ ಏನೋ ಬೇಕಾಗಿರುವ ಒಬ್ಬರು. ಕೊಕ್ಕೆಯ ಮಟ್ಟಿಗೆ: ಹದಿಮೂರು ವರ್ಷ ಮೇಲಿಂದ ಹಗ್ಗ ಹಿಡಿದ ಸಿಪಾಯಿ, ಆ ವಿಷದ ಬಾವಿಯ ಹಳ್ಳಿಯಲ್ಲಿ ಮಗಳನ್ನು ಕಳೆದುಕೊಂಡ ಕುಂಬಾರಗಿತ್ತಿ, ಇವನ ಘುಲ್ರಾ ನಕಲು ಮಾಡಿಕೊಂಡು ಹೋಗಿ ಮತ್ತೆ ಮತ್ತೆ ಪತ್ರ ಬರೆಯುವ ಒಬ್ಬ ಕ್ಯಾನಿತ್ ಕುಶಲಕರ್ಮಿ.

ಕನ್ನಡದಲ್ಲಿ ಆಡುವವರಿಗೆ ಒಂದು ಅನುಕೂಲ ಇದೆ, ಬಹಳ ಜನ ಬಳಸುವುದಿಲ್ಲ. ನಮ್ಮ ಕ್ರಿಯಾಪದದಲ್ಲೇ ಲಿಂಗವೂ ಮರ್ಯಾದೆಯೂ ಇವೆ. ವಾರ್‌ಫೋರ್ಜ್ಡ್ ಬಾಗಿಲಿಗೆ ಬಂದಾಗ ಮನೆಯವರು ಏನನ್ನುತ್ತಾರೆ: ಬಂತು, ಬಂದ, ಬಂದರು? ಇವರನ್ನು ಇನ್ನೂ ಆಸ್ತಿಯಂತೆ ಕಾಣುವ ಥ್ರೇನ್ ರಾಜ್ಯದಲ್ಲಿ ಅಧಿಕಾರಿ "ಅದನ್ನು ಹೊರಗೆ ನಿಲ್ಲಿಸಿ" ಅನ್ನುತ್ತಾನೆ. ಬ್ರೆಲಾಂಡಿನ ಹೋಟೆಲಿನವನು "ಬಂದ್ಯಾ, ಕೂತ್ಕೋ" ಅನ್ನುತ್ತಾನೆ. ಆದರೆ ಮಗುವಿಗೂ ನಾವು ಬಂತು ಅಂತಲೇ ಅನ್ನುತ್ತೇವೆ. ಆ ಕುಂಬಾರಗಿತ್ತಿ ಒಂದು ದಿನ "ಊಟ ಮಾಡ್ತಾ ಅದು?" ಅಂತ ಕೇಳಿದರೆ ಅದು ಯಾವ ಅದು? ಹಿನ್ನೆಲೆಯ ಹಾಳೆಯಲ್ಲಿ ಮೂರು ಸಾಲು ಬರೆದಿಡಿ: ತನ್ನನ್ನು ತಾನು ಹೇಗೆ ಹೇಳಿಕೊಳ್ಳುತ್ತಾನೆ, ಯಾರು ಹೇಗೆ ಕರೆಯುತ್ತಾರೆ, ಹೇಗೆ ಕರೆದರೆ ನೋವಾಗುತ್ತದೆ. ಡಿಎಂಗೂ ಜೊತೆಗಾರರಿಗೂ ಇದನ್ನು ಮೊದಲೇ ಹೇಳಿ. ಒಂದು ಪ್ರತ್ಯಯ ಬದಲಾದಾಗ ಇಡೀ ಟೇಬಲ್ ಗಮನಿಸುತ್ತದೆ.

ಈಗ ಬರೆಯಿರಿ. ಒಂದೇ ಪುಟ, ಹೆಚ್ಚೆಂದರೆ 200 ಪದ. ಐದು ಜನರ ತಂಡವಿದ್ದರೆ ಡಿಎಂ ಐದು ಹಿನ್ನೆಲೆ ನೆನಪಿಡಬೇಕು. ಹತ್ತು ಪುಟ ಕೊಟ್ಟರೆ ಅವರು ಬಳಸುವುದು ಮೊದಲ ಪುಟದ್ದನ್ನೇ. ಪಾತ್ರದ ದನಿಯಲ್ಲೇ ಬರೆದರೆ ಆಡುವಾಗಿನ ಮಾತಿಗೂ ತಾಲೀಮಾಗುತ್ತದೆ. ಹೀಗೆ:

"ನನ್ನನ್ನು ಕೊಕ್ಕೆ ಅಂತಾರೆ. 984ರಲ್ಲಿ ಕ್ಯಾನಿತ್‌ನವರು ಮಾಡಿದರು, ಬ್ರೆಲಾಂಡಿನ ಸೈನ್ಯ ಕೊಂಡಿತು. ಕೆಟ್ಟ ಬಾವಿಗೆ ಇಳಿಯುವುದು ನನ್ನ ಕೆಲಸ. ಹದಿಮೂರು ವರ್ಷದಲ್ಲಿ 211 ಬಾವಿ ಇಳಿದೆ, ಒಂದೊಂದರ ಕಲ್ಲೂ ಬೆರಳಿಗೆ ನೆನಪಿದೆ. 140ನೆಯದು ಗಡಿಯ ಹಳ್ಳಿಯದು. ಶುದ್ಧವಾಗಿದೆ ಅಂದೆ. ನಾವು ಮುಂದೆ ನಡೆದೆವು. ಎಂಟು ದಿನ ಆದಮೇಲೆ ಸುದ್ದಿ ಬಂತು. ಯುದ್ಧ ಮುಗಿದ ಮೇಲೂ ಬಾವಿ ತೊಳೆಯುತ್ತೇನೆ. ಕೂಲಿ ತೆಗೆದುಕೊಳ್ಳುತ್ತೇನೆ, ಅರ್ಧವನ್ನು ಆ ಹಳ್ಳಿಗೆ ಕಳಿಸುತ್ತೇನೆ, ಯಾರು ಕಳಿಸಿದ್ದು ಅಂತ ಬರೆಯುವುದಿಲ್ಲ. ಈಗ ನನ್ನ ಹತ್ತಿರ ಒಂದು ಕುಡಿಕೆ ಇದೆ, ಅದರಲ್ಲೊಂದು ಮೀನು. ಬಾವಿ ತೊಳೆದ ಮೇಲೆ ಆ ನೀರಲ್ಲಿ ಮೀನು ಒಂದು ರಾತ್ರಿ ಇರುತ್ತದೆ. ನಾನು ಮಲಗುವುದಿಲ್ಲ, ಬೆಳಗಿನವರೆಗೆ ಅದನ್ನೇ ನೋಡುತ್ತೇನೆ. ಮೀನು ಈಜುತ್ತಿದ್ದರೆ ಮಾತ್ರ ಹಗ್ಗ ಕೊಡುತ್ತೇನೆ."

ಊಟ ಬೇಡದವನು ಯಾಕೆ ದುಡಿಯುತ್ತಾನೆ ಅನ್ನುವುದಕ್ಕೆ ಉತ್ತರ ಇಲ್ಲಿದೆ, ವಿವರಣೆ ಇಲ್ಲದೆಯೇ. ಆರು ಗಂಟೆಯ ಎಚ್ಚರಕ್ಕೆ ಒಂದು ಕೆಲಸ ಸಿಕ್ಕಿದೆ. ಬಾವಿಗೆ ಮೀನು, ಆಮೆ ಬಿಟ್ಟದ್ದನ್ನು ನೋಡಿದ ಕನ್ನಡ ಆಟಗಾರರಿಗೆ ಆ ಕುಡಿಕೆ ಅಪರಿಚಿತವೂ ಅಲ್ಲ.

ಪುಟದಲ್ಲಿ ಎರಡು ಜಾಗ ಬೇಕೆಂದೇ ಖಾಲಿ ಬಿಡಿ. ಇಲ್ಲಿ ಆ ಹಳ್ಳಿಯ ಹೆಸರು ಇಲ್ಲ, ವಿಷ ಹಾಕಿದವರು ಯಾರು ಅಂತಲೂ ಇಲ್ಲ. ಇವೆರಡನ್ನೂ ಡಿಎಂ ತಮ್ಮ ಕ್ಯಾಂಪೇನ್‌ಗೆ (ಹಲವು ಸೆಷನ್ ನಡೆಯುವ ಕಥೆಗೆ) ಬೇಕಾದ ಹಾಗೆ ತುಂಬಿಕೊಳ್ಳುತ್ತಾರೆ. ಶತ್ರುವನ್ನೂ ಸೇಡನ್ನೂ ನೀವೇ ಬರೆದು ಮುಗಿಸಿದರೆ ಆಟಕ್ಕೆ ಉಳಿಯುವುದೇನು? ಹಾಗೆಯೇ ಗುಟ್ಟನ್ನು ಎಲ್ಲರಿಂದಲೂ ಬಚ್ಚಿಡಬೇಡಿ. ಯಾರಿಗೂ ಗೊತ್ತಿಲ್ಲದ ಗುಟ್ಟು ಇಡೀ ಕ್ಯಾಂಪೇನ್ ಮುಗಿದರೂ ಹೊರಗೆ ಬರದೆ ಹೋಗುತ್ತದೆ. ತಂಡದ ಒಬ್ಬ ಆಟಗಾರರ ಪಾತ್ರಕ್ಕೆ 140ನೆಯ ಬಾವಿ ವಿಷಯ ಮೊದಲೇ ಗೊತ್ತಿರಲಿ, ಯಾವ ಹೊತ್ತಿಗೆ ಅದನ್ನು ಎತ್ತಬೇಕು ಅನ್ನುವುದು ಅವರಿಗೆ ಬಿಟ್ಟದ್ದು.

ಸೆಷನ್ ಜೀರೋದಲ್ಲಿ (ಆಟಕ್ಕೆ ಮುಂಚಿನ ಮಾತುಕತೆಯಲ್ಲಿ) ಡಿಎಂಗೆ ಕೇಳಬೇಕಾದ್ದು: ಈ ಜೀವಿಜಾತಿಗೆ ಅನುಮತಿ ಇದೆಯೇ, ಕಥೆ ಯಾವ ರಾಜ್ಯದಲ್ಲಿ ನಡೆಯುತ್ತದೆ, ಅಲ್ಲಿ ಇವನನ್ನು ಜನ ಎಷ್ಟು ಕೆಟ್ಟದಾಗಿ ಕಾಣುತ್ತಾರೆ. ಗುಲಾಮಗಿರಿ, ಮಕ್ಕಳ ಸಾವು ಇಂಥವು ಹಿನ್ನೆಲೆಯಲ್ಲಿದ್ದರೆ ಉಳಿದ ಆಟಗಾರರನ್ನೂ ಕೇಳಿ. ಯಾರಿಗಾದರೂ ಬೇಡವಾದರೆ ಬದಲಿಸಿ, ಸಾವಿನ ಬದಲು ಕಣ್ಣು ಹೋದವರು ಅಂತ ಮಾಡಿದರೂ ಕೊಕ್ಕೆಯ ಕಥೆಗೆ ಏನೂ ಕಡಿಮೆಯಾಗುವುದಿಲ್ಲ.

ಮೊದಲ ಸೆಷನ್‌ನಲ್ಲಿ ಹಿನ್ನೆಲೆ ಓದಿ ಹೇಳಬೇಡಿ. ಬೆಂಕಿಯ ಪಕ್ಕ ಕುಡಿಕೆ ಇಟ್ಟು, ನೀರು ಬದಲಿಸಿ, ಸುಮ್ಮನೆ ನೋಡುತ್ತಾ ಕೂರಿ. ಯಾರಾದರೂ ಅದೇನು ಅಂತ ಕೇಳುತ್ತಾರೆ. ಒಂದು ಸಾಲು ಹೇಳಿ, ಉಳಿದದ್ದು ಇನ್ನೊಂದು ರಾತ್ರಿಗಿರಲಿ. ಮೀನು ಸಾಯಬಹುದೇ ಅಂತ ಡಿಎಂ ಜೊತೆ ಮುಂಚೆಯೇ ಮಾತಾಡಿಕೊಂಡಿರಿ. ಮೀನಿಗೆ ಹೆಸರು ಮಾತ್ರ ನೀವು ಇಡಬೇಡಿ, ಮೂರನೇ ಸೆಷನ್ ಹೊತ್ತಿಗೆ ಟೇಬಲ್ಲಿನಲ್ಲಿ ಬೇರೆ ಯಾರಾದರೂ ಇಡುತ್ತಾರೆ.